ಬೆನ್ನಿಗೆ ಹೊರುವ ಎಲೆ ಬ್ಲೋವರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡಿಕೆ ಕೊಯ್ಲು ಸಾಗಿರುವಾಗಲೇ ಮರಗಳು ಎಲೆ ಉದುರಿಸತೊಡಗುವುದರಿಂದ ಮನೆಯ ಮುಂದಿನ ಕೆಲಸ ಈ ತಿಂಗಳಲ್ಲಿ ಒಮ್ಮೆಲೇ ಹೆಚ್ಚುತ್ತದೆ. ಈ ಬಾರಿ ಬಂದ ಪತ್ರಗಳಲ್ಲಿ ಹಲವು ಬೆನ್ನಿಗೆ ಕಟ್ಟಿಕೊಂಡು ಎಲೆ ಹಾರಿಸುವ ಬ್ಲೋವರ್ ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಮನೆ. ಮನೆಯಂಗಳ, ಅಡಿಕೆ ಒಣಗಿಸುವ ಅಂಗಳ, ಗೇಟಿನವರೆಗಿನ ದಾರಿ ಎಲ್ಲ ಸೇರಿ ಒಂದು ಎಕರೆಯಷ್ಟು ಜಾಗವಿದೆ. ಹಲಸು, ಮಾವು, ತೇಗದ ಮರಗಳಿಂದ ಡಿಸೆಂಬರಿನಿಂದ ಮಾರ್ಚಿಯವರೆಗೆ ದಿನವೂ ಎಲೆ ಬೀಳುತ್ತದೆ; ಗುಡಿಸಲು ಆಳು ಸಿಗುವುದಿಲ್ಲ. ಅಂಗಡಿಯವರು 80 ಸಿ.ಸಿ. ಯಂತ್ರವನ್ನೇ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಅಷ್ಟು ದೊಡ್ಡದು ಬೇಕೆ? ಕ್ಯಾಟಲಾಗಿನ ಅಂಕಿಗಳನ್ನು ಹೇಗೆ ಓದಬೇಕು?

ಉತ್ತರ: ಅಷ್ಟು ದೊಡ್ಡದು ಬೇಡ. ನೀವು ಹೇಳಿದ ಜಾಗಕ್ಕೆ 50ರಿಂದ 65 ಸಿ.ಸಿ. ಒಳಗಿನ ಯಂತ್ರ ಧಾರಾಳವಾಗಿ ಸಾಕು. 80 ಸಿ.ಸಿ. ಆಸುಪಾಸಿನ ಯಂತ್ರಗಳು ದಿನವಿಡೀ ಇದೇ ಕೆಲಸ ಮಾಡುವ ಗುತ್ತಿಗೆದಾರರಿಗಾಗಿ ತಯಾರಾದವು. ಇಂಧನ ತುಂಬುವ ಮೊದಲೇ ಅವು 11–12 ಕಿಲೋ ತೂಗುತ್ತವೆ. ಹಾಗೆಂದು ಸಿ.ಸಿ. ಕಡಿಮೆಯಾದಷ್ಟೂ ತೂಕವೂ ಕಡಿಮೆಯಾಗುತ್ತದೆ ಎಂದು ಭಾವಿಸಬೇಡಿ. ಹಸ್ಕ್‌ವರ್ನಾ ಕಂಪನಿಯ 150 ಬಿ.ಟಿ. ಎಂಬ ಮಾದರಿಯ ಎಂಜಿನ್ 50.2 ಸಿ.ಸಿ. ಇದ್ದು ಯಂತ್ರದ ತೂಕ ಸುಮಾರು 10 ಕಿಲೋ. ಸ್ಟಿಲ್ ಕಂಪನಿಯ ಬಿ.ಆರ್. 600 ಮಾದರಿಯ ಎಂಜಿನ್ 64.8 ಸಿ.ಸಿ. ಇದ್ದರೂ ಅದರ ತೂಕ 9.8 ಕಿಲೋ. ಆದ್ದರಿಂದ ಸಿ.ಸಿ.ಯನ್ನು ಬದಿಗಿಟ್ಟು ಗಾಳಿಯ ಅಂಕಿಗಳನ್ನು ನೋಡುವುದು ಒಳ್ಳೆಯದು.

ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಗಾಳಿಯ ಪ್ರಮಾಣ: ಇದನ್ನು ನಿಮಿಷಕ್ಕೆ ಅಥವಾ ಗಂಟೆಗೆ ಇಷ್ಟು ಘನ ಮೀಟರ್ ಎಂದೋ, ಅಮೆರಿಕದ ರೂಢಿಯಂತೆ ಸಿ.ಎಫ್.ಎಂ. (ನಿಮಿಷಕ್ಕೆ ಇಷ್ಟು ಘನ ಅಡಿ) ಎಂದೋ ಕೊಟ್ಟಿರುತ್ತಾರೆ. 600 ಸಿ.ಎಫ್.ಎಂ. ಎಂದರೆ ನಿಮಿಷಕ್ಕೆ ಸುಮಾರು 17 ಘನ ಮೀಟರ್. ಎರಡನೆಯದು ಗಾಳಿಯ ವೇಗ. ಪ್ರಮಾಣ ಹೆಚ್ಚಿದ್ದರೆ ಅಗಲವಾದ ರಾಶಿ ದೂರದವರೆಗೆ ಸಾಗುತ್ತದೆ. ವೇಗ ಹೆಚ್ಚಿದ್ದರೆ ನೆಲಕ್ಕೆ ಅಂಟಿಕೊಂಡ ಒದ್ದೆ ಎಲೆ ಏಳುತ್ತದೆ. ಇಲ್ಲಿ ಗ್ರಾಹಕರು ಎಚ್ಚರ ವಹಿಸಬೇಕಾದ ಒಂದು ಸಂಗತಿಯಿದೆ. ಗಾಳಿಯ ಪ್ರಮಾಣವನ್ನು ಹಲವರು ಕೊಳವೆ ಜೋಡಿಸದೆ ಫ್ಯಾನಿನ ಬಾಯಿಯಲ್ಲೇ ಅಳೆದು ಕೊಡುತ್ತಾರೆ, ವೇಗವನ್ನು ಮಾತ್ರ ಅತ್ಯಂತ ಕಿರಿದಾದ ಮೂತಿಯನ್ನು ಸಿಕ್ಕಿಸಿ ಅಳೆಯುತ್ತಾರೆ. ಆ ಎರಡು ಅಂಕಿಗಳು ಒಂದೇ ಸಮಯದಲ್ಲಿ, ಒಂದೇ ಕೊಳವೆಯ ತುದಿಯಲ್ಲಿ ನಿಮಗೆಂದೂ ಸಿಗುವುದಿಲ್ಲ.

ಈ ಗೊಂದಲದಿಂದ ಪಾರಾಗಲು ನ್ಯೂಟನ್ ಲೆಕ್ಕದಲ್ಲಿ ಕೊಡುವ ಊದುಬಲವನ್ನು ಕೇಳಿ. ಇದು ಪ್ರಮಾಣ ಮತ್ತು ವೇಗ ಎರಡನ್ನೂ ಒಟ್ಟಿಗೆ ಹಿಡಿಯುವ ಅಂಕಿ. ನಿಮಿಷಕ್ಕೆ 17 ಘನ ಮೀಟರ್ ಗಾಳಿ ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಹೊರಬಂದರೆ, ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ ಎಂಬ ಲೆಕ್ಕದಲ್ಲಿ, ಸುಮಾರು 30 ನ್ಯೂಟನ್ ಬಲ ಹುಟ್ಟುತ್ತದೆ. ಅಂದರೆ 3 ಕಿಲೋ ತೂಕವನ್ನು ಕೈಯಲ್ಲಿ ಎತ್ತಿ ಹಿಡಿದಷ್ಟು ಬಲ. ಸ್ಥೂಲವಾಗಿ ಹೇಳುವುದಾದರೆ 50 ಸಿ.ಸಿ. ಯಂತ್ರಗಳಲ್ಲಿ 20 ನ್ಯೂಟನ್‌ಗಿಂತ ತುಸು ಹೆಚ್ಚು, 65 ಸಿ.ಸಿ. ಯಂತ್ರಗಳಲ್ಲಿ 30ರ ಆಸುಪಾಸು, 80 ಸಿ.ಸಿ. ಯಂತ್ರಗಳಲ್ಲಿ 40ರ ಆಸುಪಾಸು ಸಿಗುತ್ತದೆ. ಗಾಳಿಯನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆಯೋ ಅಷ್ಟೇ ಬಲದಿಂದ ಕೊಳವೆ ನಿಮ್ಮ ಕೈಯನ್ನು ಹಿಂದಕ್ಕೆ ಒತ್ತುತ್ತದೆ ಎಂಬುದನ್ನು ಮರೆಯಬಾರದು. 40 ನ್ಯೂಟನ್ ಯಂತ್ರವನ್ನು ಅರ್ಧ ಗಂಟೆ ನಡೆಸಿದ ಮೇಲೆ ಮುಂಗೈ ಮತ್ತು ಭುಜ ನೋಯಲು ಇದೂ ಒಂದು ಕಾರಣ. ಹಲಸು, ಮಾವಿನ ಎಲೆ ದಪ್ಪವಾಗಿ, ಭಾರವಾಗಿ ಇರುವುದರಿಂದ ನಿಮಗೆ 20ರಿಂದ 30 ನ್ಯೂಟನ್ ನಡುವಿನದು ಬೇಕು. ಒಣಗಿದ ತೇಗದ ಎಲೆ ದೊಡ್ಡದಾದರೂ ಹಗುರ, ಅದಕ್ಕೆ ಅರ್ಧ ಥ್ರಾಟಲ್ ಸಾಕಾಗುತ್ತದೆ.

ಇನ್ನು ನಿಮ್ಮ ನೆಲದ ವಿಚಾರ. ಸಗಣಿ ಸಾರಿಸಿದ ಅಂಗಳದ ಮೇಲೆ ಇಂಥ ಯಂತ್ರವನ್ನು ಪೂರ್ಣ ವೇಗದಲ್ಲಿ ನಡೆಸಿದರೆ ಎಲೆಯ ಜೊತೆಗೆ ಸಾರಿಸಿದ ಪದರವೂ ಚಕ್ಕೆಚಕ್ಕೆಯಾಗಿ ಏಳುತ್ತದೆ, ಎರಡು ದಿನದಲ್ಲಿ ಮಣ್ಣು ಕಾಣಿಸುತ್ತದೆ. ಅಲ್ಲಿ ಅಗಲವಾದ ದುಂಡು ಮೂತಿ ಹಾಕಿ, ಕೊಳವೆಯನ್ನು ನೆಲಕ್ಕೆ ಚಪ್ಪಟೆಯಾಗಿ ಹಿಡಿದು, ಕಡಿಮೆ ವೇಗದಲ್ಲಿ ಎಲೆಯ ಬುಡಕ್ಕೆ ಗಾಳಿ ಬಿಡಬೇಕು. ಅಡಿಕೆ ಹರಡಿದ ಅಂಗಳದಲ್ಲಿ ಬ್ಲೋವರ್ ಬಳಸುವ ಮಾತೇ ಬೇಡ. ಬೇಯಿಸಿದ ಅಡಿಕೆಯ ಮೇಲೆ ದೂಳು ಕೂತರೆ ಬಣ್ಣ ಕೆಡುತ್ತದೆ. ಅಡಿಕೆ ಹರಡುವ ಮೊದಲು, ಬೆಳಗಿನ ಇಬ್ಬನಿ ಆರಿದ ಮೇಲೆ ಆ ಅಂಗಳವನ್ನು ಮುಗಿಸಿ, ನಂತರ ದಾರಿಯ ಕಡೆಗೆ ಹೋಗಿ. ಜಲ್ಲಿ ಹಾಕಿದ ದಾರಿಯಲ್ಲಿ ಸಣ್ಣ ಕಲ್ಲು ಚಿಮ್ಮುವುದರಿಂದ ಕಣ್ಣಿಗೆ ಕನ್ನಡಕ ಕಡ್ಡಾಯ, ಆಸುಪಾಸಿನಲ್ಲಿ ಮಕ್ಕಳು, ದನಕರು ಇರಬಾರದು.

ಒಂದು ಎಕರೆಯನ್ನೂ ಊದಿ ಬರಿದು ಮಾಡುವ ಅಗತ್ಯವಿದೆಯೇ ಎಂದು ಯಂತ್ರ ಕೊಳ್ಳುವ ಮೊದಲೇ ಯೋಚಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಲೆನಾಡಿನಲ್ಲಿ ತರಗೆಲೆ ಎಂದೂ ಕಸವಾಗಿರಲಿಲ್ಲ; ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ತೋಟದ ಮುಚ್ಚಿಗೆಯಾಗಿ ಅದು ಮಣ್ಣಿಗೇ ಮರಳುತ್ತಿತ್ತು. ಮರದ ಬುಡದ ಎಲೆಯನ್ನು ಹಾಗೆಯೇ ಬಿಟ್ಟರೆ ಬೇಸಿಗೆಯಲ್ಲಿ ನೆಲದ ತೇವ ಉಳಿಯುತ್ತದೆ, ಎರೆಹುಳುವಿಗೂ ಮಿಂಚುಹುಳುವಿನ ಮರಿಗಳಿಗೂ ಆಸರೆಯಾಗುತ್ತದೆ. ಗುಡಿಸಲೇಬೇಕಾದ ಅಂಗಳ, ದಾರಿ, ಚರಂಡಿಯ ಅಂಚು, ಹಂಚಿನ ಮಾಡಿನ ಕೆಳಭಾಗ ಇವಿಷ್ಟನ್ನೇ ಲೆಕ್ಕ ಹಾಕಿದರೆ ನಿಮ್ಮ ಕೆಲಸ ಬಹುಶಃ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಯಂತ್ರದ ಗಾತ್ರವೂ ಇಳಿಯುತ್ತದೆ. ರಾಶಿಯಾದ ಎಲೆಯನ್ನು ಟಾರ್ಪಾಲಿನ ಮೇಲೆ ಊದಿ, ನಾಲ್ಕು ಮೂಲೆ ಹಿಡಿದು ತೋಟಕ್ಕೆ ಎಳೆದುಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭದ ಕ್ರಮ.

ಶಬ್ದದ ಬಗ್ಗೆ ಅಂಗಡಿಯವರು ಹೇಳುವುದು ಕಡಿಮೆ. ಅಮೆರಿಕದ ಮಾನದಂಡದ ಪ್ರಕಾರ ಕ್ಯಾಟಲಾಗಿನಲ್ಲಿ 65ರಿಂದ 75 ಡೆಸಿಬೆಲ್ ಎಂದು ಬರೆದಿದ್ದರೆ ಅದು ಯಂತ್ರದಿಂದ 50 ಅಡಿ ದೂರದಲ್ಲಿ ಅಳೆದದ್ದು. ಯಂತ್ರವನ್ನು ಹೊತ್ತವರ ಕಿವಿ ಎಂಜಿನ್‌ನಿಂದ ಒಂದು ಮೊಳದಷ್ಟು ದೂರದಲ್ಲಿರುತ್ತದೆ. ಅಲ್ಲಿ ಅದೇ ಪೆಟ್ರೋಲ್ ಯಂತ್ರದ ಶಬ್ದ 95ರಿಂದ 100 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಿಯೋಶ್ ಸೂಚಿಸಿರುವ ಮಿತಿ ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 94 ಡೆಸಿಬೆಲ್ಲಿಗೆ ಒಂದು ಗಂಟೆ, 100 ಡೆಸಿಬೆಲ್ಲಿಗೆ ಕೇವಲ 15 ನಿಮಿಷ. ಕಿವಿ ಮುಚ್ಚುವ ಇಯರ್ ಮಫ್ ಇಲ್ಲದೆ ಯಂತ್ರವನ್ನು ಬೆನ್ನಿಗೇರಿಸಬಾರದು. ಕೆಲಸಕ್ಕೆ ಬರುವ ಆಳಿನ ಕೈಗೆ ಯಂತ್ರ ಕೊಡುವಾಗ ಇಯರ್ ಮಫ್ ಕೂಡ ಕೊಡಬೇಕು, ಹಾಕಿಕೊಂಡಿದ್ದಾರೆಯೇ ಎಂದು ನೋಡಬೇಕು. ಶಬ್ದದಿಂದ ಹೋದ ಕಿವಿ ಮರಳಿ ಬರುವುದಿಲ್ಲ, ಹೋಗುತ್ತಿರುವುದು ಗೊತ್ತೂ ಆಗುವುದಿಲ್ಲ.

ಕೊನೆಯದಾಗಿ, ಕಂಪನಿಯ ಹೆಸರಿಗಿಂತ ನಿಮ್ಮ ಪೇಟೆಯಲ್ಲಿ ಆ ಯಂತ್ರದ ಬಿಡಿಭಾಗ ಸಿಗುತ್ತದೆಯೇ ಎಂಬುದು ಮುಖ್ಯ. ತೀರ್ಥಹಳ್ಳಿ, ಸಾಗರ, ಶಿರಸಿಯಂತಹ ಊರುಗಳಲ್ಲಿ ಕಳೆ ಕತ್ತರಿಸುವ ಯಂತ್ರ ರಿಪೇರಿ ಮಾಡುವವರು ಇದ್ದೇ ಇರುತ್ತಾರೆ. ನಿಮ್ಮ ವೀಡ್ ಕಟರ್ ಯಾರ ಕೈಯಲ್ಲಿ ಸರಿಯಾಗುತ್ತದೆಯೋ ಅವರು ಯಾವ ಬ್ಲೋವರಿನ ಡಯಾಫ್ರಾಂ (ಕಾರ್ಬ್ಯುರೇಟರಿನೊಳಗಿನ ತೆಳು ಪದರ), ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ ಇಟ್ಟಿರುತ್ತಾರೋ ಅದನ್ನೇ ಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 60×40 ಅಡಿಯ ನಿವೇಶನ. ಮನೆ ಮುಂದೆ ಎರಡು ಹೊಂಗೆ ಮರಗಳಿವೆ. ಆನ್‌ಲೈನಿನಲ್ಲಿ ಬೆನ್ನಿಗೆ ಹೊರುವ ಪೆಟ್ರೋಲ್ ಬ್ಲೋವರ್ ಕಡಿಮೆ ಬೆಲೆಗೆ ಬಂದಿದೆ. ತೆಗೆದುಕೊಳ್ಳಬಹುದೆ?

ಉತ್ತರ: ದಯವಿಟ್ಟು ಬೇಡ. ಅಷ್ಟು ಜಾಗಕ್ಕೆ ಕಡ್ಡಿಪೊರಕೆಯೇ ಸಾಕು. ನಡು ಬಗ್ಗಿಸಲು ಕಷ್ಟವಾಗುವುದಾದರೆ ಉದ್ದ ಹಿಡಿಯ ಪೊರಕೆ ಅಥವಾ ಕೈಯಲ್ಲಿ ಹಿಡಿಯುವ ವಿದ್ಯುತ್ ಬ್ಲೋವರ್ ಕೊಳ್ಳಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಪೆಟ್ರೋಲ್ ಯಂತ್ರ ಗೋಡೆಯಾಚೆಯ ಮನೆಯವರಿಗೆ ಇದನ್ನು ಬಹಳ ಮೀರಿ ಕೇಳಿಸುತ್ತದೆ. ರಸ್ತೆಯ ದೂಳು ಎದುರು ಮನೆಯ ಕಿಟಕಿಗೆ ಹೋಗುವುದು ಬೇರೆ ತೊಂದರೆ. ಗುಡಿಸಿದ ಎಲೆಯನ್ನು ಸುಡುವುದೂ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ನಿಷಿದ್ಧ. ಒಂದು ಮೂಲೆಯಲ್ಲಿ ಜಾಲರಿಯ ತೊಟ್ಟಿ ಮಾಡಿ ಕೊಳೆಯಲು ಬಿಟ್ಟರೆ ಕುಂಡಗಳಿಗೆ ಗೊಬ್ಬರವಾಗುತ್ತದೆ.

ಪ್ರಶ್ನೆ: ಮಡಿಕೇರಿಯ ಹತ್ತಿರ ನಮ್ಮ ಮನೆಯಿದೆ. ನಾನು ಐದು ಅಡಿ ಎತ್ತರದವಳು, ವಯಸ್ಸು ಐವತ್ತರ ಮೇಲೆ. ಬೆನ್ನಿಗೆ ಹೊರುವುದಕ್ಕಿಂತ ಕೈಯಲ್ಲಿ ಹಿಡಿಯುವುದು ನನಗೆ ಸುಲಭವಲ್ಲವೆ?

ಉತ್ತರ: ಹತ್ತು ಹದಿನೈದು ನಿಮಿಷದ ಕೆಲಸವಾದರೆ ಹೌದು. ಅದಕ್ಕಿಂತ ಹೆಚ್ಚಾದರೆ, ಕೈಯಲ್ಲಿ ಹಿಡಿದ 4–5 ಕಿಲೋ ಯಂತ್ರ ಒಂದೇ ಮಣಿಕಟ್ಟನ್ನು ದಣಿಸುತ್ತದೆ, ಬೆನ್ನಿನ 9–10 ಕಿಲೋ ಯಂತ್ರವೇ ಹಗುರವೆನಿಸುತ್ತದೆ. ಆದರೆ ಅದು ನಿಮ್ಮ ಮೈಗೆ ಸರಿಹೊಂದಬೇಕು. ಅಂಗಡಿಯಲ್ಲಿ ಟ್ಯಾಂಕ್ ತುಂಬಿಸಿದ ಯಂತ್ರವನ್ನು ಹೊತ್ತು ಸ್ವಲ್ಪ ದೂರ ನಡೆದು, ಒಂದೆರಡು ಮೆಟ್ಟಿಲು ಹತ್ತಿ ಇಳಿದು ನೋಡಿ. ಭುಜದ ಪಟ್ಟಿಯನ್ನು ಪೂರ್ತಿ ಬಿಗಿಗೊಳಿಸಿದ ಮೇಲೂ ಯಂತ್ರದ ತಳ ನಿಮ್ಮ ಸೊಂಟದ ಮೂಳೆಗಿಂತ ಕೆಳಗೆ ಜೋಲುತ್ತಿದ್ದರೆ ಆ ಮಾದರಿ ನಿಮಗಲ್ಲ. ಸೊಂಟಪಟ್ಟಿ ಇರುವುದನ್ನೇ ಆರಿಸಿ. ಅದು ಭುಜದ ಮೇಲಿನ ಭಾರದ ದೊಡ್ಡ ಪಾಲನ್ನು ಸೊಂಟಕ್ಕೆ ಇಳಿಸುತ್ತದೆ. ಎಂಜಿನ್ ಮತ್ತು ಬೆನ್ನಿನ ಹಲಗೆಯ ನಡುವೆ ಸ್ಪ್ರಿಂಗ್ ಇಲ್ಲವೇ ರಬ್ಬರ್ ಇದ್ದರೆ ನಡುಕ ಕಡಿಮೆ. ಕೊಳವೆಯ ಹಿಡಿಯನ್ನು ಹಿಂದೆ ಮುಂದೆ ಸರಿಸಲು ಬರಬೇಕು, ಮೊಣಕೈ ತುಸು ಮಡಿಚಿಕೊಂಡಿರುವಾಗ ಮೂತಿ ನೆಲದ ಹತ್ತಿರ ಬರಬೇಕು. ಎಂಜಿನನ್ನು ಮೊದಲು ನೆಲದ ಮೇಲೆಯೇ ಸ್ಟಾರ್ಟ್ ಮಾಡಿ, ಆಮೇಲೆ ಅದನ್ನು ಕಟ್ಟೆಯ ಮೇಲಿಟ್ಟು ಬೆನ್ನಿಗೇರಿಸಿಕೊಳ್ಳಿ. ಬಗ್ಗಿ ಎತ್ತಿಕೊಳ್ಳುವಾಗಲೇ ಹೆಚ್ಚಿನವರ ಬೆನ್ನು ಹಿಡಿದುಕೊಳ್ಳುವುದು.

ಪ್ರಶ್ನೆ: ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ಅರ್ಧ ಎಕರೆಯ ಮನೆ ಕೊಂಡಿದ್ದೇವೆ. ಓಕ್ ಮರದ ಎಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಳುತ್ತಲೇ ಇರುತ್ತದೆ. ಪೆಟ್ರೋಲ್ ಬ್ಲೋವರ್‌ಗಳನ್ನು ಅಲ್ಲಲ್ಲಿ ನಿಷೇಧಿಸುತ್ತಿದ್ದಾರೆ ಎಂದು ಕೇಳಿದೆ. ಪೆಟ್ರೋಲ್ ಕೊಳ್ಳಲೋ, ಬ್ಯಾಟರಿ ಕೊಳ್ಳಲೋ?

ಉತ್ತರ: ನಿಷೇಧ ಆಯಾ ಊರು, ರಾಜ್ಯಕ್ಕೆ ಸೇರಿದ್ದು. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಪಟ್ಟಣ 1975ರಷ್ಟು ಹಿಂದೆಯೇ ಬ್ಲೋವರನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾ ರಾಜ್ಯ 2021ರ ಅಕ್ಟೋಬರಿನಲ್ಲಿ ಮಾಡಿದ ಕಾಯ್ದೆಯ ಫಲವಾಗಿ 2024ರ ಜನವರಿಯಿಂದ ತಯಾರಾಗುವ ಹೊಸ ಬ್ಲೋವರ್‌ಗಳು ಹೊಗೆರಹಿತವಾಗಿರಬೇಕು. ಹಳೆಯವನ್ನು ಬಳಸಲು ರಾಜ್ಯದ ಅಡ್ಡಿಯಿಲ್ಲ. ವಾಷಿಂಗ್ಟನ್ ಡಿ.ಸಿ. ನಗರದಲ್ಲಿ ಪೆಟ್ರೋಲ್ ಬ್ಲೋವರ್ ಬಳಕೆಯೇ 2022ರ ಜನವರಿಯಿಂದ ನಿಂತಿದೆ. ನಿಮ್ಮ ಬಡಾವಣೆಯ ಮನೆಮಾಲೀಕರ ಸಂಘದ ನಿಯಮವನ್ನು ಮೊದಲು ಓದಿಕೊಳ್ಳಿ, ಅನೇಕ ಕಡೆ ಸಮಯದ ಕಟ್ಟುಪಾಡು ಅಲ್ಲಿಯೇ ಇರುತ್ತದೆ.

ನಿಯಮ ಏನೇ ಇರಲಿ, ಅರ್ಧ ಎಕರೆಗೆ ನಾನು ಬ್ಯಾಟರಿಯನ್ನೇ ಶಿಫಾರಸು ಮಾಡುತ್ತೇನೆ. ಹಳೆಯ ಮಾದರಿಯ ಟೂ ಸ್ಟ್ರೋಕ್ ಎಂಜಿನ್ ತಾನು ಕುಡಿದ ಪೆಟ್ರೋಲಿನ ಒಂದು ಪಾಲನ್ನು ಸುಡದೆಯೇ ಹೊಗೆಯೊಂದಿಗೆ ಹೊರಬಿಡುತ್ತದೆ. ವೃತ್ತಿಪರರು ಬಳಸುವ ಒಂದು ಪೆಟ್ರೋಲ್ ಬ್ಲೋವರ್ ಒಂದು ಗಂಟೆಯಲ್ಲಿ ಹೊರಬಿಡುವ ಹೊಗೆಮಂಜಿನ ಅನಿಲಗಳು 2016ರ ಟೊಯೊಟಾ ಕ್ಯಾಮ್ರಿ ಕಾರು ಸುಮಾರು 1,100 ಮೈಲಿ ಓಡಿದಾಗ ಬಿಡುವಷ್ಟಕ್ಕೆ ಸಮ ಎಂದು ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಲೆಕ್ಕ ಹಾಕಿದೆ. ಆ ಹೊಗೆಯನ್ನು ಮೊದಲು ಉಸಿರಾಡುವವರು ಯಂತ್ರವನ್ನು ಹೊತ್ತವರೇ.

ಬ್ಯಾಟರಿಯ ಮಿತಿಯನ್ನೂ ತಿಳಿದುಕೊಂಡು ಕೊಳ್ಳಬೇಕು. 600 ಸಿ.ಎಫ್.ಎಂ. ಗಾಳಿಯನ್ನು ಗಂಟೆಗೆ 145 ಮೈಲಿ ವೇಗದಲ್ಲಿ ದೂಡಲು ಗಾಳಿಗೇ 700 ವ್ಯಾಟ್ ಬೇಕಾಗುತ್ತದೆ. ಮೋಟಾರು, ಫ್ಯಾನುಗಳ ನಷ್ಟ ಸೇರಿಸಿದರೆ ಬ್ಯಾಟರಿ 1,200 ವ್ಯಾಟ್‌ಗಿಂತ ಕಡಿಮೆಯಿಲ್ಲದೆ ಕೊಡಬೇಕು. 56 ವೋಲ್ಟ್, 5 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 280 ವ್ಯಾಟ್ ಗಂಟೆ ಇರುವುದರಿಂದ ಪೂರ್ಣ ವೇಗದಲ್ಲಿ ಅದು ಕಾಲು ಗಂಟೆಯೊಳಗೆ ಮುಗಿಯುತ್ತದೆ. ಡಬ್ಬದ ಮೇಲೆ ಒಂದು ಗಂಟೆ, ಎರಡು ಗಂಟೆ ಎಂದು ಬರೆದಿರುವುದು ಅತಿ ಕಡಿಮೆ ವೇಗದ ಲೆಕ್ಕ. ಸಂತೋಷದ ಸಂಗತಿ ಎಂದರೆ ಒಣ ಓಕ್ ಎಲೆಗೆ ಪೂರ್ಣ ವೇಗ ಬೇಕಿಲ್ಲ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ವಿದ್ಯುತ್ತು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಎರಡು ಬ್ಯಾಟರಿ ಇಟ್ಟುಕೊಂಡು, ಎಲೆ ಮಂಡಿಯವರೆಗೆ ಏರಲು ಬಿಡದೆ ವಾರಕ್ಕೊಮ್ಮೆ ಕೆಲಸ ಮುಗಿಸುವವರಿಗೆ ಅದು ಸಾಲುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಅದೇ ಬ್ಯಾಟರಿ ಹೊಂದುವಂತೆ ಒಂದೇ ಕಂಪನಿಯದ್ದನ್ನು ಕೊಂಡರೆ ಖರ್ಚು ಬಹಳ ಉಳಿಯುತ್ತದೆ. ಮರಗಳ ಕೆಳಗಿನ ಎಲೆಯನ್ನು ವಸಂತದವರೆಗೆ ಹಾಗೆಯೇ ಬಿಡಿ ಎಂಬ ಮಾತು ನಿಮಗೂ ಅನ್ವಯಿಸುತ್ತದೆ. ನಿಮ್ಮ ಕಡೆಯ ಮಿಂಚುಹುಳುಗಳೂ ಲೂನಾ ಪತಂಗದ ಗೂಡುಗಳೂ ಚಳಿಗಾಲ ಕಳೆಯುವುದು ಅದರಡಿಯಲ್ಲೇ.

ಪ್ರಶ್ನೆ: ಮೂಡಿಗೆರೆಯಲ್ಲಿ ಕಾಫಿ ತೋಟಕ್ಕೆ ಔಷಧಿ ಹೊಡೆಯುವ ಮಿಸ್ಟ್ ಬ್ಲೋವರ್ ನಮ್ಮಲ್ಲಿದೆ. ಮನೆಯ ಸುತ್ತ ಎಲೆ ಹಾರಿಸಲು ಅದನ್ನೇ ಬಳಸಿದರೆ ಆಗದೆ?

ಉತ್ತರ: ಎಂಜಿನ್, ಫ್ಯಾನು ಎರಡರಲ್ಲೂ ಒಂದೇ ಬಗೆಯವಾದ್ದರಿಂದ ಎಲೆಯೇನೋ ಹಾರುತ್ತದೆ. ನನ್ನ ಆಕ್ಷೇಪ ಕೊಳವೆಯೊಳಗಿನ ಔಷಧಿಯ ಬಗ್ಗೆ. ಎಷ್ಟು ತೊಳೆದರೂ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯ ಮಡಿಕೆಗಳಲ್ಲಿ ಒಣಗಿದ ಪುಡಿ ಉಳಿದಿರುತ್ತದೆ. ಮಕ್ಕಳು ಆಡುವ ಅಂಗಳಕ್ಕೆ, ಬಟ್ಟೆ ಒಣಹಾಕುವ ಕಡೆಗೆ ಅದನ್ನು ಊದುವುದು ಸರಿಯಲ್ಲ. ಜೊತೆಗೆ ಅದರ ಮೂತಿಯಲ್ಲಿ ದ್ರವವನ್ನು ಒಡೆಯುವ ತಡೆಗಳಿರುವುದರಿಂದ ಗಾಳಿಯ ಬಲ ಕುಗ್ಗುತ್ತದೆ, ಮೇಲಿನ ಖಾಲಿ ಟ್ಯಾಂಕನ್ನು ವ್ಯರ್ಥವಾಗಿ ಹೊರಬೇಕಾಗುತ್ತದೆ. ಕಾಫಿ ಕಣಕ್ಕಂತೂ ಅದನ್ನು ತರಲೇಬಾರದು. ವರ್ಷಕ್ಕೆ ನಾಲ್ಕಾರು ದಿನದ ಕೆಲಸವಷ್ಟೇ ಆಗಿದ್ದರೆ, ಅದೇ ಮಾದರಿಗೆ ಹೊಂದುವ ಹೊಸ ಕೊಳವೆ ಮತ್ತು ಮೂತಿಯನ್ನು ಪ್ರತ್ಯೇಕವಾಗಿ ಕೊಂಡು, ಎಲೆ ಕೆಲಸಕ್ಕೆಂದೇ ಗುರುತು ಹಾಕಿ ಇಟ್ಟುಕೊಳ್ಳಬಹುದು.

ಪ್ರಶ್ನೆ: ಕಳೆದ ವರ್ಷ ಕೊಂಡ ಬೆನ್ನಿನ ಬ್ಲೋವರ್ ಈ ಮಳೆಗಾಲ ಕಳೆದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ಕಾರ್ಬ್ಯುರೇಟರನ್ನೇ ಬದಲಿಸಬೇಕು ಎನ್ನುತ್ತಾರೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. (ಸಾಗರದಿಂದ)

ಉತ್ತರ: ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದುದೇ ತೊಂದರೆಯ ಮೂಲ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನೂ ಕೊರತೆಯಿಲ್ಲ. ತೇವ ಒಂದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಸೇರಿ ಟ್ಯಾಂಕಿನ ತಳಕ್ಕೆ ಬೇರೆ ಪದರವಾಗಿ ಇಳಿಯುತ್ತವೆ, ಎಂಜಿನ್ ಸವೆಯದಂತೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇಂಧನದ ನಳಿಕೆ ಹೀರುವುದು ತಳದಿಂದ. ಅಂಥ ಇಂಧನದಲ್ಲಿ ಎಂಜಿನ್ ಒಂದು ವೇಳೆ ಸ್ಟಾರ್ಟ್ ಆದರೂ ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಆದ್ದರಿಂದ ಹಗ್ಗ ಎಳೆಯುವುದನ್ನು ಈಗಲೇ ನಿಲ್ಲಿಸಿ.

ಹಳೆಯ ಇಂಧನವನ್ನು ಪೂರ್ತಿ ಚೆಲ್ಲಿಸಿ, ಹೊಸ ಮಿಶ್ರಣ ಸ್ವಲ್ಪ ಹಾಕಿ ಅಲುಗಾಡಿಸಿ ಅದನ್ನೂ ತೆಗೆಯಿರಿ. ಟ್ಯಾಂಕಿನೊಳಗಿನ ಫಿಲ್ಟರ್ ಬದಲಿಸಿ, ಪ್ಲಗ್ ಬಿಚ್ಚಿ ಒರೆಸಿ. ಸ್ಟಾರ್ಟ್ ಮಾಡುವ ಮೊದಲು ಇಂಧನ ಎಳೆಯಲು ಒತ್ತುವ ಪ್ರೈಮರ್ ಗುಂಡಿಯನ್ನು ಒತ್ತಿದಾಗ ಇಂಧನ ತುಂಬದೆ ಬರೀ ಗಾಳಿಗುಳ್ಳೆ ಬರುತ್ತಿದ್ದರೆ ನಳಿಕೆ ಎಲ್ಲೋ ಬಿರಿದಿದೆ ಎಂದರ್ಥ. ಇಷ್ಟಾದರೂ ಸರಿಹೋಗದಿದ್ದರೆ ಕಾರ್ಬ್ಯುರೇಟರ್ ಬದಲಿಸುವ ಮೊದಲು ಡಯಾಫ್ರಾಂ ಮತ್ತು ಗ್ಯಾಸ್ಕೆಟ್ ಕಿಟ್ ಹಾಕಿ ನೋಡಲು ಹೇಳಿ. ಬಹುತೇಕ ಸಂದರ್ಭಗಳಲ್ಲಿ ಗಟ್ಟಿಯಾಗಿ ಹೋಗಿರುವುದು ಆ ತೆಳು ಪದರ ಮಾತ್ರ, ಅದರ ಬೆಲೆ ಇಡೀ ಕಾರ್ಬ್ಯುರೇಟರಿನ ಬೆಲೆಗಿಂತ ಬಹಳ ಕಡಿಮೆ.

ಇನ್ನು ಮುಂದೆ ಎರಡು ವಾರದಲ್ಲಿ ಮುಗಿಯುವಷ್ಟೇ ಮಿಶ್ರಣ ಮಾಡಿಕೊಳ್ಳಿ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 40ಕ್ಕೆ 1 ಎಂದಿದ್ದರೆ 25 ಮಿಲಿಲೀಟರ್ 2ಟಿ ಆಯಿಲ್ ಬೇಕು. ಕಣ್ಣಂದಾಜಿನಲ್ಲಿ ಸುರಿಯದೆ ಅಳತೆ ಲೋಟ ಬಳಸಿ. ಆಯಿಲ್ ಹೆಚ್ಚಾದರೆ ಸೈಲೆನ್ಸರಿನ ಜಾಲರಿ ಮಸಿಯಿಂದ ಕಟ್ಟಿಕೊಳ್ಳುತ್ತದೆ, ಕಡಿಮೆಯಾದರೆ ಎಂಜಿನ್ ಹೋಗುತ್ತದೆ. ಹಲವು ತಯಾರಕರು ಎಥನಾಲ್ ಶೇ. 10ನ್ನು ಮೀರಬಾರದು ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ, ನಿಮ್ಮ ಮಾದರಿಗೆ ಶೇ. 20 ಆಗುತ್ತದೆಯೇ ಎಂದು ಮಾರಾಟಗಾರರಿಂದ ಬರಹದಲ್ಲಿ ಪಡೆಯಿರಿ. ಬೇಸಿಗೆಯ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ, ಅಟ್ಟದಂತಹ ಒಣ ಜಾಗದಲ್ಲಿಡಿ.

ಪ್ರಶ್ನೆ: ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಮ್ಮ ಜಮೀನು ಕಾಡಂಚಿಗಿದೆ. ಅರಣ್ಯ ಇಲಾಖೆಯವರು ಬ್ಲೋವರ್ ಬಳಸಿ ಬೆಂಕಿರೇಖೆ (ಬೆಂಕಿ ದಾಟದಂತೆ ಬರಿದು ಮಾಡಿದ ನೆಲದ ಪಟ್ಟಿ) ತೆಗೆಯುವುದನ್ನು ನೋಡಿದೆ. ಮನೆಯ ಸುತ್ತ ನಾವೂ ಹಾಗೆ ಮಾಡಬಹುದೆ? ಅದಕ್ಕೆ ಯಾವ ಯಂತ್ರ ಬೇಕು?

ಉತ್ತರ: ನಿಮ್ಮ ಜಮೀನಿನೊಳಗೆ ಖಂಡಿತ ಮಾಡಬಹುದು, ಮಾಡಬೇಕು ಕೂಡ. ಬೆನ್ನಿನ ಬ್ಲೋವರ್ ನಿಜವಾಗಿ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇಂಥ ಕಡೆಯೇ. ಪೊರಕೆಯಲ್ಲಿ ದಿನಗಟ್ಟಲೆ ಹಿಡಿಯುವ ಉದ್ದದ ಪಟ್ಟಿಯನ್ನು ಒಬ್ಬರೇ ನಡೆಯುತ್ತ ಮುಗಿಸಬಹುದು. ಇಲ್ಲಿ ಬ್ಯಾಟರಿ ಯಂತ್ರ ಸಾಲದು, 60 ಸಿ.ಸಿ. ಮೇಲಿನ, 30 ನ್ಯೂಟನ್ ಆಸುಪಾಸಿನ ಪೆಟ್ರೋಲ್ ಯಂತ್ರವೇ ಬೇಕು. ಪೂರ್ಣ ವೇಗದಲ್ಲಿ ಅದು ಗಂಟೆಗೆ ಒಂದರಿಂದ ಎರಡು ಲೀಟರ್ ಕುಡಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಇರಲೇಬೇಕು, ಅದಿಲ್ಲದ ಅಗ್ಗದ ಯಂತ್ರಗಳನ್ನು ಕಾಡಂಚಿಗೆ ಒಯ್ಯಬಾರದು.

ಬ್ಲೋವರ್ ತರಗೆಲೆಯನ್ನು ಮಾತ್ರ ಸರಿಸುತ್ತದೆ. ನಿಂತ ಒಣಹುಲ್ಲನ್ನೂ ಲಂಟಾನವನ್ನೂ ಮೊದಲು ವೀಡ್ ಕಟರಿನಿಂದ ಕತ್ತರಿಸಿ, ಎರಡು ದಿನ ಒಣಗಲು ಬಿಟ್ಟು, ಆಮೇಲೆ ಊದಿದರೆ ಬರಿ ಮಣ್ಣು ಕಾಣುವ ಪಟ್ಟಿ ಸಿಗುತ್ತದೆ. ಈ ಕೆಲಸವನ್ನು ಜನವರಿಯಲ್ಲೇ ಆರಂಭಿಸಿ. ಎಲೆ ಬೀಳುವುದು ಆಗಿನ್ನೂ ಮುಗಿದಿರುವುದಿಲ್ಲವಾದ್ದರಿಂದ ಫೆಬ್ರವರಿ, ಮಾರ್ಚಿಯಲ್ಲಿ ಅದೇ ಪಟ್ಟಿಯನ್ನು ಮತ್ತೆ ಮತ್ತೆ ಊದಬೇಕಾಗುತ್ತದೆ. ಎಲೆಯನ್ನು ಕಾಡಿನ ಕಡೆಗೆ ದೂಡಿ ಗುಡ್ಡೆ ಹಾಕಬೇಡಿ, ಬೆಂಕಿ ಬಂದಾಗ ಜ್ವಾಲೆ ಏಳುವುದು ಆ ಗುಡ್ಡೆಯಿಂದಲೇ. ನಿಮ್ಮ ಕಡೆಗೆ ಎಳೆದುಕೊಂಡು ಗೊಬ್ಬರದ ಗುಂಡಿಗೆ ಸೇರಿಸಿ ನೀರು ಹಾಕಿ. ಇಂಧನ ತುಂಬುವಾಗ ಎಂಜಿನ್ ನಿಲ್ಲಿಸಿ, ಯಂತ್ರವನ್ನು ಬರಿ ನೆಲದ ಮೇಲಿಟ್ಟು ಸೈಲೆನ್ಸರ್ ಆರುವವರೆಗೆ ಕಾಯಿರಿ. ಕಾದ ಯಂತ್ರವನ್ನು ಒಣ ಎಲೆಯ ಮೇಲಿಟ್ಟರೆ ಬೆಂಕಿಯನ್ನು ನೀವೇ ಹಚ್ಚಿದಂತಾಗುತ್ತದೆ. ಇಲಾಖೆಯ ಸಿಬ್ಬಂದಿ ಉರಿಯುವ ಬೆಂಕಿಯ ಮುಂದೆಯೂ ಬ್ಲೋವರ್ ಹಿಡಿದು ನಿಲ್ಲುತ್ತಾರೆ, ಆದರೆ ಅವರು ತರಬೇತಿ ಪಡೆದು ತಂಡವಾಗಿ ಕೆಲಸ ಮಾಡುವವರು. ಉರಿಗೆ ತಪ್ಪು ದಿಕ್ಕಿನಿಂದ ಗಾಳಿ ಬಿಟ್ಟರೆ ಅದು ಕ್ಷಣಾರ್ಧದಲ್ಲಿ ಹಬ್ಬುತ್ತದೆ. ಹೊಗೆ ಕಂಡರೆ ಯಂತ್ರವನ್ನು ಕೆಳಗಿಳಿಸಿ, ಸಮೀಪದ ಅರಣ್ಯ ಕಚೇರಿಗೂ 112ಕ್ಕೂ ಕರೆ ಮಾಡಿ, ಮನೆಯವರನ್ನೂ ದನಗಳನ್ನೂ ತೆರವುಗೊಂಡ ಪಟ್ಟಿಯ ಈಚೆಗೆ ಕರೆತನ್ನಿ.